ದೇವಿಮನೆ ಘಾಟಿಯಲ್ಲಿ ‘ಮುಂಗಾರು ಮಳೆ’

ಶಿರಸಿಯಿಂದ ಕುಮಟಾಕ್ಕೆ ಬಸ್ಸು. ದೇವಿಮನೆ ಘಾಟಿಯಲ್ಲಿ ನೆಟ್‌ವರ್ಕ್ ಹೋಯ್ತು. ಫೋನಲ್ಲಿ ಇದ್ದಿದ್ದು ‘ಮುಂಗಾರು ಮಳೆ’ಯ ಹಾಡುಗಳಷ್ಟೇ. ಸುಮ್ನೆ ಹಾಕಿದೆ, ಮೊದಲಿಂದ ಕೊನೆತನಕ.

2006ರ ಕೊನೆಗೆ ಬಂದ ಸಿನಿಮಾ. ಆಮೇಲೆ ಮದುವೆ ಮನೆ, ಆಟೋ, ಎಲ್ಲಿ ಹೋದರೂ ‘ಅನಿಸುತಿದೆ’. ಕೇಳಿ ಕೇಳಿ ಸಾಕಾಗಿ, ಎಲ್ಲಾದರೂ ಶುರುವಾದರೆ ಎದ್ದೇ ಹೋಗುತ್ತಿದ್ದೆ. (ಜಂಬ ಬೇರೆ!)

ಇವತ್ತು ಕಿಟಕಿ ಸಂದಿಯಿಂದ ನೀರು ತೊಟ್ಟಿಕ್ಕಿ ಮೊಣಕೈ ಒದ್ದೆ. ಪಕ್ಕದ ಅಜ್ಜಿಯ ಚೀಲದಲ್ಲಿ ಹಲಸಿನ ಹಪ್ಪಳ. ‘ಅನಿಸುತಿದೆ’ಗೆ ಮನೋಮೂರ್ತಿಯವರು ಹಾಕಿದ ಟ್ಯೂನಿಗೆ ಅವಸರವೇ ಇಲ್ಲ ಅಂತ ಈಗ ಗೊತ್ತಾಯಿತು. ಸೋನು ನಿಗಮ್ ಕೂಡ ಎಲ್ಲೂ ದನಿ ಏರಿಸಿ ಮೆರೆಯುವುದಿಲ್ಲ. ಪದಗಳು ಗೋಕರ್ಣದ ಜಯಂತ ಕಾಯ್ಕಿಣಿಯವರದು, ನಮ್ಮ ಕಡೆಯ ಮಳೆಯೇ ಅಲ್ವಾ ಅದು?

ಒಂದೆರಡು ಹಾಡು ಈಗಲೂ ಅಷ್ಟಕ್ಕಷ್ಟೇ. ಆದರೂ ಕತಗಾಲ ಬರುವಷ್ಟರಲ್ಲಿ ಎರಡನೇ ಸಲ ಹಾಕಿಯಾಗಿತ್ತು.