ಕೊಡಸಿಗೆ ಕೆತ್ತೆ ಅಮೀಬಾವನ್ನು ನಿಜಕ್ಕೂ ಕೊಲ್ಲುತ್ತದೆಯೇ?

ಆಮಶಂಕೆಗೆ ಕೊಡಸಿಗೆ ಕೆತ್ತೆಯ (ತೊಗಟೆಯ) ಕಷಾಯ ಎಂದರೆ ಕಾಸರಗೋಡಿನ ಹಳ್ಳಿಗಳಲ್ಲಿ ಯಾರಿಗೂ ಹೊಸದಲ್ಲ. ಆಯುರ್ವೇದದ ಔಷಧ ಕುಟಜಾರಿಷ್ಟದ ಕುಟಜವೂ ಇದೇ ಮರ. ಅಮೀಬಾದಂಥ ಏಕಕೋಶ ಜೀವಿಗಳಿಂದ ಬರುವ ಪ್ರೊಟೊಜೋವ ರೋಗಗಳಿಗೆ ಗಿಡಮೂಲದ ಔಷಧ ಹುಡುಕಹೊರಟ ಇಲ್ಲಿನ ವಿದ್ಯಾರ್ಥಿಗಳು ಕೇಳಿದರೆ ನಾನು ಮೊದಲು ಹೇಳುವುದು ಇದರ ಹೆಸರನ್ನೇ. ಆದರೆ ಎಷ್ಟೋ ಕೆಲಸ ಕೆಡುವುದು ಪ್ರಯೋಗಾಲಯಕ್ಕೆ ಬರುವ ಮೊದಲೇ, ಗುಡ್ಡದಲ್ಲಿ, ಮರ ತಪ್ಪಿ.

ಕೊಡಸಿಗೆ (ಹೊಲರೀನಾ ಪ್ಯುಬೆಸೆನ್ಸ್), ಬೆಪ್ಪಾಲೆ (ರೈಟಿಯಾ ಟಿಂಕ್ಟೋರಿಯಾ), ಆಟಿ ಅಮಾವಾಸ್ಯೆಯಂದು ಕೆತ್ತೆಯ ಕಷಾಯ ಕುಡಿಯುವ ಪಾಲೆ (ಆಲ್‌ಸ್ಟೋನಿಯಾ ಸ್ಕೋಲಾರಿಸ್) ಮೂರೂ ಒಂದೇ ಕುಟುಂಬದವು, ಮೂರರಲ್ಲೂ ಹಾಲು ಬರುತ್ತದೆ. ಪಾಲೆಯ ಎಲೆಗಳು ಗೆಲ್ಲಿನ ಸುತ್ತ ಏಳರವರೆಗೆ ಸುತ್ತಾಗಿರುತ್ತವೆ, ಉಳಿದೆರಡರಲ್ಲಿ ಎದುರುಬದುರು. ಕೊಡಸಿಗೆಯ ಕೋಡುಗಳು ಜೋಡಿಯಾಗಿ, ಬಿಡಿಬಿಡಿಯಾಗಿ ನೇತಾಡುತ್ತವೆ. ಬೆಪ್ಪಾಲೆಯ ಎಳೆ ಕೋಡುಗಳ ತುದಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಅದರ ಎಲೆ ಜಜ್ಜಿ ಇಟ್ಟರೆ ನೀಲಿಗೆ ತಿರುಗುತ್ತದೆ. ಬೀಜ ಕಚ್ಚಿ ನೋಡುವ ಹಳೆಯ ಕ್ರಮವೂ ಇದೆ: ಕೊಡಸಿಗೆ ಕಹಿ, ಬೆಪ್ಪಾಲೆ ಸಪ್ಪೆ. ಅಂಗಡಿಯ ಒಣ ಚಕ್ಕೆಯಲ್ಲಿ ಈ ಗುರುತುಗಳು ಯಾವುದೂ ಸಿಗುವುದಿಲ್ಲ. ಬೆಪ್ಪಾಲೆ ಕಲಬೆರಕೆ ಬಹಳ ಹಳೆಯ ಸಮಸ್ಯೆ. ಹಾಗಾಗಿ ಕೆತ್ತೆ ತೆಗೆದ ಮರದ್ದೇ ಎಲೆ, ಹೂ, ಕೋಡು ಒತ್ತಿ ಒಣಗಿಸಿ ಹರ್ಬೇರಿಯಂ ಮಾದರಿ ಇಡಲೇಬೇಕು. ಗಾಯ ಮಾಡಿದಾಗ ಹಾಲು ಬರದ, ಎಲೆಯ ಬುಡದಿಂದಲೇ ಮೂರರಿಂದ ಐದು ನರ ಹೊರಟ ಮರವಾದರೆ ಅಲ್ಲೇ ಬಿಟ್ಟುಬಿಡಿ. ಅದು ಕಾಸರಕವಾಗಿರಬಹುದು, ಅದರಲ್ಲಿರುವ ಸ್ಟ್ರಿಕ್ನಿನ್ ಎಂಬ ವಿಷ ಪ್ರಾಣ ತೆಗೆಯುತ್ತದೆ.

ಕೆತ್ತೆಯನ್ನು ಮರದ ಸುತ್ತ ಬಳೆಯಂತೆ ಸುಲಿದರೆ ಮರ ಸಾಯುತ್ತದೆ. ಒಂದು ಬದಿಯಲ್ಲಿ ಉದ್ದಕ್ಕೆ ಪಟ್ಟಿ ತೆಗೆದರೆ ಸಾಕು.

ಮುಂದಿನ ಕೆಲಸ ಕೆತ್ತೆಯ ಆಲ್ಕಲಾಯ್ಡ್‌ಗಳನ್ನು, ಅಂದರೆ ಗಿಡದಲ್ಲಿರುವ ಕ್ಷಾರಗುಣದ ರಾಸಾಯನಿಕಗಳನ್ನು, ಬೇರ್ಪಡಿಸುವುದು. ನೆರಳಲ್ಲಿ ಒಣಗಿಸಿದ 100 ಗ್ರಾಂ ಕೆತ್ತೆ ಪುಡಿಯನ್ನು ಮೊದಲು ಹೆಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸಿ ಕೊಬ್ಬು, ಅಂಟು ತೆಗೆಯಿರಿ. ಈ ಹಂತ ಬಿಟ್ಟರೆ ಮುಂದೆ ಕುಲುಕುವಾಗ ಎರಡು ಪದರ ಬೇರ್ಪಡದೆ ಮೊಸರಿನಂತಾಗಿ ನಿಲ್ಲುತ್ತದೆ. ನಂತರ ಪುಡಿಯನ್ನು ದುರ್ಬಲ ಅಮೋನಿಯಾದಲ್ಲಿ ಒದ್ದೆ ಮಾಡಿ, 500 ಮಿ.ಲೀ. ಡೈಕ್ಲೋರೋಮೀಥೇನ್ ದ್ರಾವಕದಲ್ಲಿ ರಾತ್ರಿಯಿಡೀ ಇಟ್ಟು ಸೋಸಿ. ಇದೇ ರೀತಿ ಮೂರು ಸಲ. ಬಿಸಿ 40 ಡಿಗ್ರಿ ಮೀರದಂತೆ ದ್ರಾವಕವನ್ನು ಆವಿಯಾಗಿಸಿ ಕಡಿಮೆ ಮಾಡಿ, ಉಳಿದದ್ದನ್ನು ಶೇ. 2ರ ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಮೆಲ್ಲಗೆ ಕುಲುಕಿ. ಆಲ್ಕಲಾಯ್ಡ್ ಆಮ್ಲದ ನೀರಿಗೆ ಬರುತ್ತದೆ. ಆ ನೀರಿನ ಪಿಎಚ್ ಅನ್ನು ಅಮೋನಿಯಾದಿಂದ 9–10ಕ್ಕೆ ಏರಿಸಿದಾಗ ಬಿಳಿ ಮಸುಕು ಕಾಣುತ್ತದೆ. ಅದನ್ನು ಮತ್ತೆ ಡೈಕ್ಲೋರೋಮೀಥೇನಿಗೆ ಎಳೆಯಬೇಕು. ಆಲ್ಕಲಾಯ್ಡ್ ಪತ್ತೆಮಾಡುವ ಡ್ರಾಗೆಂಡಾರ್ಫ್ ದ್ರಾವಣದಲ್ಲಿ ಕಿತ್ತಳೆ ಬಣ್ಣದ ಚರಟ ಬಂದರೆ ದಾರಿ ಸರಿ. ಒಳ್ಳೆಯ ಕೆತ್ತೆಯಿಂದ ಸಿಗುವ ಒಟ್ಟು ಆಲ್ಕಲಾಯ್ಡ್ ಸುಮಾರು 2 ಗ್ರಾಂ. ಅದರಲ್ಲಿ ಮುಖ್ಯವಾದದ್ದು ಕೊನೆಸ್ಸಿನ್. ಇದೆಲ್ಲ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ, ಕೈಗವಸು ಹಾಕಿಯೇ ಮಾಡುವ ಕೆಲಸ.

ಇಷ್ಟು ಶ್ರಮ ಯಾಕೆ, ಕಷಾಯವನ್ನೇ ಅಮೀಬಾಕ್ಕೆ ಹಾಕಿ ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. ಕಷಾಯದಲ್ಲಿ ಒಗರು ಕೊಡುವ ಟ್ಯಾನಿನ್ ಇರುತ್ತದೆ. ಅದು ಅಮೀಬಾವನ್ನು ಬೆಳೆಸುವ ಪೋಷಕ ದ್ರಾವಣದ ಸೀರಂ ಪ್ರೋಟೀನನ್ನೇ ಗಡ್ಡೆಗಟ್ಟಿಸುತ್ತದೆ, ಅಮೀಬಾ ಹಸಿವಿನಿಂದ ಸತ್ತರೂ ಔಷಧವೇ ಕೊಂದಂತೆ ಕಾಣುತ್ತದೆ. ಮಲೇರಿಯಾ ಪರೀಕ್ಷೆಯಲ್ಲಿ ಇದೇ ಮೋಸವನ್ನು ಗಿಡಗಳಲ್ಲಿರುವ, ನೊರೆ ಬರಿಸುವ ಸಪೋನಿನ್ ಮಾಡುತ್ತದೆ: ಕೆಂಪು ರಕ್ತಕಣವೇ ಒಡೆದರೆ ಒಳಗಿನ ಪರೋಪಜೀವಿ ಹೇಗೂ ಉಳಿಯುವುದಿಲ್ಲ.

ಆಮಶಂಕೆ ತರುವ ಅಮೀಬಾವಾದ ಎಂಟಮೀಬಾ ಹಿಸ್ಟೊಲಿಟಿಕಾವನ್ನು ಟಿವೈಐ-ಎಸ್-33 ಎಂಬ ಪೋಷಕ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಬೆಳೆಸುತ್ತಾರೆ. ಆಮ್ಲಜನಕ ಹೆಚ್ಚಾದರೆ ಅದಕ್ಕೆ ಆಗದು, ಆದ್ದರಿಂದ ಕೊಳವೆಯನ್ನು ಬಾಯಿತನಕ ತುಂಬಿ ಮುಚ್ಚಬೇಕು. ಬದುಕಿರುವ ಅಮೀಬಾ ಗಾಜಿಗೆ ಅಂಟಿಕೊಂಡಿರುತ್ತದೆ. ಎಣಿಸುವ ಮೊದಲು ಕೊಳವೆಯನ್ನು ಹತ್ತು ನಿಮಿಷ ಮಂಜುಗಡ್ಡೆಯಲ್ಲಿ ಇಟ್ಟು ಬಿಡಿಸದಿದ್ದರೆ ಬದುಕಿದವೇ ಲೆಕ್ಕಕ್ಕೆ ಸಿಗದೆ ಹೋಗುತ್ತವೆ. ಆಲ್ಕಲಾಯ್ಡ್ ಕರಗಿಸಲು ಬಳಸುವ ಡಿಎಂಎಸ್‌ಒ ದ್ರಾವಕ ಶೇ. 0.5 ಮೀರಬಾರದು. ಬರೀ ಡಿಎಂಎಸ್‌ಒ ಹಾಕಿದ ಒಂದು ಕೊಳವೆ, ಅಮೀಬಾಕ್ಕೆ ಈಗ ಕೊಡುವ ಔಷಧ ಮೆಟ್ರೋನಿಡಜೋಲ್ ಹಾಕಿದ ಇನ್ನೊಂದು ಜೊತೆಗಿರದ ಫಲಿತಾಂಶವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅಮೀಬಾ ಸತ್ತರೆ ಸಾಲದು, ಮನುಷ್ಯನ ಜೀವಕೋಶ ಉಳಿಯಬೇಕು. ಅರ್ಧದಷ್ಟು ಜೀವಕೋಶಗಳನ್ನು ಕೊಲ್ಲುವ ಪ್ರಮಾಣವು ಅರ್ಧದಷ್ಟು ಅಮೀಬಾವನ್ನು ತಡೆಯುವ ಪ್ರಮಾಣದ ಹತ್ತು ಪಟ್ಟಾದರೂ ಇದ್ದರೆ ಮುಂದುವರಿಯಬಹುದು. ಇಪಿಕಾಕ್ ಎಂಬ ಗಿಡದ ಬೇರಿನ ಆಲ್ಕಲಾಯ್ಡ್ ಎಮೆಟಿನ್ ಎಡವಿದ್ದು ಇಲ್ಲೇ. 1912ರಲ್ಲಿ ಕಲ್ಕತ್ತದಲ್ಲಿ ಬ್ರಿಟಿಷ್ ವೈದ್ಯ ಲಿಯೊನಾರ್ಡ್ ರೋಜರ್ಸ್ ಅದನ್ನು ಚುಚ್ಚುಮದ್ದಾಗಿ ಕೊಟ್ಟು ಅಮೀಬಾ ಆಮಶಂಕೆಯನ್ನು ಹತೋಟಿಗೆ ತಂದರು. ಆದರೆ ಅದು ಅಮೀಬಾದ ಹಾಗೆ ನಮ್ಮ ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮನ್ನೂ ನಿಲ್ಲಿಸುತ್ತದೆ, ಹೃದಯಕ್ಕೆ ಪೆಟ್ಟು ಕೊಡುತ್ತದೆ. ಕೊನೆಸ್ಸಿನ್ ಕೂಡ ರೋಗಿಗಳ ಮೇಲೆ ಬಳಕೆಯಾಗಿತ್ತು. ಅದು ಮಿದುಳಿಗೆ ಸುಲಭವಾಗಿ ದಾಟುವುದರಿಂದ ನಿದ್ದೆಗೇಡು, ತಳಮಳದಂಥ ತೊಂದರೆ ಕಂಡುಬಂತು. ಮಿದುಳಿಗೆ ಹೋಗದಂತೆ ಆ ಅಣುವನ್ನು ತಿದ್ದುವುದೇ ಈಗ ಮಾಡಬೇಕಾದ ಕೆಲಸ ಎಂದು ನನಗನಿಸುತ್ತದೆ.

ಮಾಚಿಪತ್ರೆ ಕುದಿಸಿ ಮಲೇರಿಯಾಕ್ಕೆ ಕುಡಿಯುವ ಸಲಹೆಯೂ ಓಡಾಡುತ್ತಿದೆ. ಮಲೇರಿಯಾ ಔಷಧ ಆರ್ಟೆಮಿಸಿನಿನ್ ತೆಗೆಯುವುದು ಆರ್ಟೆಮಿಸಿಯಾ ಆನ್ಯುವಾದಿಂದ. ನಮ್ಮ ಪೂಜೆಯ ಮಾಚಿಪತ್ರೆ ಆ ಗಿಡವಲ್ಲ. ಕುದಿಸಿದರೆ ಆರ್ಟೆಮಿಸಿನಿನ್ ಕೆಡುತ್ತದೆ ಎಂದೇ ಚೀನಾದ ವಿಜ್ಞಾನಿ ತು ಯುಯು ಅವರ ತಂಡ ಅದನ್ನು ಕಡಿಮೆ ಬಿಸಿಯಲ್ಲಿ ಈಥರಿನಿಂದ ತೆಗೆದದ್ದು.

ಮಲದಲ್ಲಿ ರಕ್ತ ಕಂಡರೆ ಕಷಾಯ ಕುಡಿದು ಕಾಯಬೇಡಿ. ನೀರಾದ ಮಲವನ್ನು ಅರ್ಧ ಗಂಟೆಯೊಳಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹರಿದಾಡುವ, ರಕ್ತಕಣ ನುಂಗಿದ ಅಮೀಬಾ ಕಾಣಬಹುದು. ತಡವಾದರೆ ಚಲನೆ ನಿಂತು ಗುರುತು ಸಿಗದು. ಮೆಟ್ರೋನಿಡಜೋಲ್ ಅಂಗಾಂಶದೊಳಗಿನ ಅಮೀಬಾವನ್ನು ಕೊಲ್ಲುತ್ತದೆ, ಕರುಳಿನ ಸಿಸ್ಟ್‌ಗಳನ್ನು (ಗಟ್ಟಿ ಕವಚದೊಳಗಿನ ಅಮೀಬಾಗಳನ್ನು) ಪೂರ್ತಿ ತೆಗೆಯುವುದಿಲ್ಲ. ಅದಕ್ಕೆ ಡೈಲೊಕ್ಸನೈಡ್ ಫ್ಯುರೊಯೇಟ್‌ನಂಥ ಇನ್ನೊಂದು ಔಷಧ ಬೇಕು. ಭೇದಿ ನಿಂತಿತೆಂದು ಅದನ್ನು ಬಿಟ್ಟವರಲ್ಲಿ ರೋಗ ಮರುಕಳಿಸಬಹುದು, ಮನೆಯವರಿಗೂ ಹರಡಬಹುದು.