ಕಡಮತ್ ದ್ವೀಪದಲ್ಲಿ ಶುಕ್ರವಾರದ ಆಸ್ತಿ

ಲಕ್ಷದ್ವೀಪದ ಕಡಮತ್ ಸುಮಾರು 9 ಕಿಲೋಮೀಟರ್ ಉದ್ದವಿದ್ದರೂ ಅದರ ಅಗಲ ಹೆಚ್ಚೆಂದರೆ ಅರ್ಧ ಕಿಲೋಮೀಟರಿನ ಆಸುಪಾಸು. ಪೂರ್ವದ ದಡದಿಂದ ಹೊರಟವರು ತೆಂಗಿನ ತೋಟಗಳ ನಡುವಿನ ಕಾಲುದಾರಿಯಲ್ಲಿ ತುಸು ಹೊತ್ತು ನಡೆದರೆ ಸಾಕು, ಪಶ್ಚಿಮದ ಲಗೂನ್, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ಕಡಲು, ಕಣ್ಣೆದುರು ಬರುತ್ತದೆ. ಇಲ್ಲಿ ಗುಡ್ಡವಿಲ್ಲ, ಹೊಳೆಯಿಲ್ಲ, ನಮ್ಮ ಕರಾವಳಿಯ ಕೆಂಪು ಮುರಕಲ್ಲೂ ಇಲ್ಲ. ಕಾಲ ಕೆಳಗಿರುವುದೆಲ್ಲ ಹವಳದ ಪುಡಿಯ ಬಿಳಿ ಮರಳು.

ಆ ದಿನ ಬೆಳಿಗ್ಗೆ ನಾನು ಹೋದ ಮನೆಯ ಅಂಗಳದಲ್ಲಿ ಒಂದು ಬಾವಿಯಿತ್ತು. ಸಮುದ್ರ ಅಷ್ಟು ಹತ್ತಿರವಿದ್ದರೂ ನೀರು ಸಿಹಿಯಾಗಿತ್ತು. ಮರಳಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ; ಭರತ ಇಳಿತಗಳ ಜೊತೆ ಬಾವಿಯ ಮಟ್ಟವೂ ಏರಿ ಇಳಿಯುತ್ತದೆ. ಪಂಪು ಹಾಕಿ ಹೆಚ್ಚು ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಇದನ್ನೆಲ್ಲ ನನಗೆ ವಿವರಿಸಿದವರು ಮನೆಯ ಹಿರಿಯ ಹೆಂಗಸು. ಅವರಾಡುವ ಜೆಸೆರಿ ಮಲಯಾಳಕ್ಕೆ ಹತ್ತಿರದ್ದು. ಮಂಜೇಶ್ವರದಲ್ಲಿ ಬೆಳೆದ ನನಗೆ ಮಲಯಾಳ ಗೊತ್ತಿದ್ದುದರಿಂದ, ಅವರನ್ನು ಉಮ್ಮ ಎಂದು ಕರೆಯುತ್ತ ನಿಧಾನವಾಗಿ ಮಾತು ಬೆಳೆಸಿದೆ.

ಊರು ಕೇಳಿದ ಉಮ್ಮ ಮಂಗಳೂರಿನ ಅಕ್ಕಿಯ ಮಾತೆತ್ತಿದರು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ ಸೇರಿದ ಅಮಿನದೀವಿ ದ್ವೀಪಗಳು 1787ರಲ್ಲಿ ಟಿಪ್ಪುವಿನ ಕೈಗೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರಿಗೆ ಸೇರಿದವು. ಮುಂದೆ 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ದ್ವೀಪದವರ ಹುರಿಹಗ್ಗವನ್ನು ಸರ್ಕಾರವೇ ಕೊಳ್ಳುತ್ತಿತ್ತು, ಬದಲಿಗೆ ಅಕ್ಕಿ ಕೊಡುತ್ತಿತ್ತು. ಬೆಲೆ ನಿಗದಿ ಮಾಡುವ ಅಧಿಕಾರ ಕೊಳ್ಳುವವರ ಕೈಯಲ್ಲೇ ಇದ್ದ ಆ ವ್ಯವಸ್ಥೆ ನ್ಯಾಯದ್ದಾಗಿತ್ತೆಂದು ನನಗೆ ಅನ್ನಿಸುವುದಿಲ್ಲ. ಏಕೆಂದರೆ ಹುರಿಯ ಹಿಂದಿನ ದುಡಿಮೆಯನ್ನು ನಾನು ಅಂದು ಲಗೂನಿನ ಅಂಚಿನಲ್ಲಿ ಕಂಡಿದ್ದೆ. ತಿಂಗಳುಗಟ್ಟಲೆ ಉಪ್ಪುನೀರಿನ ಮರಳಿನಲ್ಲಿ ಹೂತು ಕೊಳೆಸಿದ ತೆಂಗಿನ ಸಿಪ್ಪೆಯನ್ನು ಇಬ್ಬರು ಹೆಂಗಸರು ಹೊರತೆಗೆದು ಮರದ ಕೊರಡಿನಿಂದ ಬಡಿಯುತ್ತಿದ್ದರು. ಪ್ರತಿ ಪೆಟ್ಟಿಗೂ ಕಪ್ಪು ನೀರು ಸಿಡಿದು, ಸಿಪ್ಪೆಯ ತಿರುಳು ಉದುರಿ, ಕೊನೆಗೆ ಕೈಯಲ್ಲಿ ಹೊಂಬಣ್ಣದ ನಾರಷ್ಟೇ ಉಳಿಯುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮನೆ ಯಾರದೆಂದು ಕೇಳಿದೆ. ತರವಾಡಿನದು, ಅಂದರೆ ತಾಯಿಯ ಕಡೆಯ ಕೂಡುಕುಟುಂಬದ್ದು, ಶುಕ್ರವಾರದ ಆಸ್ತಿ ಎಂದರು. ಇಲ್ಲಿನ ಮುಸ್ಲಿಂ ಕುಟುಂಬಗಳಲ್ಲಿ ಪೂರ್ವಾರ್ಜಿತ ಸ್ವತ್ತು ತಾಯಿಯ ಕಡೆಯಿಂದ ಇಳಿದು ಬರುತ್ತದೆ. ಅದು ಶುಕ್ರವಾರದ ಆಸ್ತಿ. ಒಬ್ಬ ವ್ಯಕ್ತಿ ಸ್ವಂತ ದುಡಿಮೆಯಿಂದ ಗಳಿಸಿದ್ದು ಸೋಮವಾರದ ಆಸ್ತಿ. ಅದನ್ನು ಅವನು ತನ್ನ ಮಕ್ಕಳಿಗೆ ಕೊಡಬಹುದು. ಹಳೆಯ ಪದ್ಧತಿಯಲ್ಲಿ ಗಂಡ ರಾತ್ರಿ ಹೆಂಡತಿಯ ಮನೆಗೆ ಬಂದು ಬೆಳಿಗ್ಗೆ ತನ್ನ ತಾಯಿಯ ಮನೆಗೆ ಮರಳುತ್ತಿದ್ದ.

ತಾಯಿಯ ಕಡೆಯಿಂದ ವಂಶ, ಆಸ್ತಿ ಇಳಿದುಬರುವ ಅಳಿಯಸಂತಾನ ಕಟ್ಟಿನ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ಕೇಳುತ್ತ ಎದೆ ತುಂಬಿ ಬಂತು. ನಮ್ಮಲ್ಲಿ 1949ರ ಮದರಾಸು ಅಳಿಯಸಂತಾನ ಕಾಯ್ದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಆಸ್ತಿಗಳು ಪಾಲಾಗಿ, ತರವಾಡು ಮನೆಗಳು ಬಹುಪಾಲು ಭೂತಾರಾಧನೆಯ ದಿನ ಮಾತ್ರ ಬಾಗಿಲು ತೆರೆಯುತ್ತವೆ. ಧರ್ಮ ಬೇರೆ, ನಡುವೆ ಅಷ್ಟು ದೊಡ್ಡ ಕಡಲು. ಆದರೂ ನನ್ನ ಅಜ್ಜಿ ಹೇಳುತ್ತಿದ್ದ ಮನೆಯ ನಡಾವಳಿಯನ್ನು ಉಮ್ಮ ಇಂದಿನ ಮಾತಾಗಿ ಹೇಳುತ್ತಿದ್ದರು. ಊಟ ಮುಗಿದ ಮೇಲೆ ಅವರು ನನ್ನನ್ನು ಹಿತ್ತಿಲಿಗೆ ಕರೆದೊಯ್ದು, ಯಾವ ತೆಂಗಿನ ಫಲ ಯಾವ ಮಗಳ ಪಾಲಿಗೆ, ಯಾವುದು ತಂಗಿಯ ಮಕ್ಕಳಿಗೆ ಎಂದು ಒಂದೊಂದೇ ಮರವನ್ನು ಮುಟ್ಟಿ ತೋರಿಸಿದರು.