ಪ್ಯಾಚ್ ಹಾಕುವ ಮುಂಚೆ ಬೂಟ್ ಪಾರ್ಟಿಶನ್ ನೋಡಿ

ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ಸರ್ವರಿನ ಪ್ಯಾಚ್ (ತಿದ್ದುಪಡಿಯ ಅಪ್‌ಡೇಟ್) ಅರ್ಧಕ್ಕೆ ನಿಂತರೆ ಬೇರೆ ಊರಲ್ಲಿ ಅದು ಬರೀ ಕಿರಿಕಿರಿ. ಶಿರಸಿ ಮಳೆಗಾಲದಲ್ಲಿ ಹಾಗಲ್ಲ. ಲೈನ್ ಮೇಲೆ ಎಲ್ಲೋ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಯುಪಿಎಸ್ ಕೂಡ ಕೈ ಎತ್ತುತ್ತದೆ, ಆಮೇಲೆ ಸರ್ವರ್ ಆನ್ ಆದಾಗ ಆ ಅರ್ಧಂಬರ್ಧ ಕೂತ ಹೊಸ ಕರ್ನಲ್ಲನ್ನೇ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಎತ್ತಿಕೊಳ್ಳಲು ಹೋಗಿ, ಮುಂದೆ ಹೋಗಲಾರದೆ ಪ್ಯಾನಿಕ್ ಆಗಿ ನಿಲ್ಲುತ್ತದೆ. ಅತ್ತ ಕೌಂಟರಿನಿಂದ ಫೋನು: "ತಮಾ, ಇವತ್ತು ಅಡಿಕೆ ಬಿಲ್ ಆಗ್ತದೋ ಇಲ್ವೋ?"

ಉಬುಂಟು ಸರ್ವರಿನಲ್ಲಿ ಮೋಸ ಹೋಗುವುದು ಇಲ್ಲೇ. ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಇರುತ್ತದೆ, ಆದರೂ ಇಲ್ಲ ಅನ್ನುತ್ತದೆ. ಎಷ್ಟೋ ಕಡೆ ಸರ್ವರ್ ಶುರುವಾಗಲು ಬೇಕಾದ ಫೈಲುಗಳಿರುವ ಬೂಟ್ ಬೇರೆಯೇ ಪಾರ್ಟಿಶನ್ (ಡಿಸ್ಕಿನ ಪ್ರತ್ಯೇಕ ಭಾಗ), ಅದೂ ಚಿಕ್ಕದು, ಅದರೊಳಗೆ ಹಳೇ ಕರ್ನಲ್‌ಗಳು, ಅವು ಶುರುವಾಗುವಾಗ ಬೇಕಾಗುವ ಇನಿಟ್‌ರಾಮ್‌ಎಫ್‌ಎಸ್ ಫೈಲುಗಳು. ಜಾಗದ ಲೆಕ್ಕ ತೋರಿಸುವ ಡಿಎಫ್ ಕಮಾಂಡ್ ಕೊಟ್ಟು ನೋಡಿ, ಬೂಟ್ ಸಾಲಿನಲ್ಲಿ ನೂರಕ್ಕೆ ನೂರು ಕಾಣುತ್ತದೆ. ಆಗ ಕೈಯಾರೆ ಫೈಲ್ ಅಳಿಸಬೇಡಿ ಮಾರಾಯ್ರೆ! ಪ್ಯಾಕೇಜ್ ಲೆಕ್ಕದಲ್ಲಿ ಆ ಕರ್ನಲ್ ಇನ್ನೂ ಇದೆ ಅಂತಲೇ ಇರುತ್ತದೆ, ಮುಂದಿನ ಅಪ್‌ಡೇಟ್‌ಗೆ ಮತ್ತೆ ಗೋಳು. ಬೇಡದ ಪ್ಯಾಕೇಜ್ ತೆಗೆಯುವ ಎಪಿಟಿ ಆಟೋರಿಮೂವ್ ಕಮಾಂಡ್ ಇರುವುದೇ ಇದಕ್ಕೆ. ಈಗ ಓಡುತ್ತಿರುವ ಕರ್ನಲ್ ಯಾವುದು ಅಂತ ಯುನೇಮ್ ಕಮಾಂಡ್‌ನಲ್ಲಿ ನೋಡಿಕೊಂಡು, ಅದನ್ನೂ ಅದರ ಹಿಂದಿನದನ್ನೂ ಉಳಿಸಿಕೊಳ್ಳಿ. ಹೊಸದು ಕೈಕೊಟ್ಟರೆ ಆನ್ ಆಗುವಾಗಿನ ಗ್ರಬ್ ಮೆನುವಿನಲ್ಲಿ ಹಳೇದನ್ನು ಆರಿಸಿ ಕೆಲಸ ಶುರು ಮಾಡಬಹುದು, ಅಲ್ವಾ?

ಡಿಸ್ಕಿನ ಉಳಿದ ಕಡೆ ಜಾಗ ಬೇಕಿದ್ದರೆ, ಇಳಿಸಿಕೊಂಡ ಪ್ಯಾಕೇಜ್ ಫೈಲುಗಳನ್ನು ಅಳಿಸಲು ಎಪಿಟಿ ಕ್ಲೀನ್, ಸಿಸ್ಟಮ್ಮಿನ ಜರ್ನಲ್ ಲಾಗ್‌ನಲ್ಲಿ ಹಳೇದನ್ನು ತೆಗೆಯಲು ವ್ಯಾಕ್ಯೂಮ್. ಇವೆರಡರಲ್ಲಿ ರಗಳೆ ಇಲ್ಲ. ಆದರೆ ದೊಡ್ಡ ಲಾಗ್ ಫೈಲ್ ಅಳಿಸಿದ ಮೇಲೂ ಜಾಗ ಹೆಚ್ಚಾಗದಿದ್ದರೆ ಯಾವುದೋ ಸರ್ವೀಸ್ ಅದನ್ನು ಇನ್ನೂ ತೆರೆದಿಟ್ಟುಕೊಂಡಿದೆ ಅಂತ ಅರ್ಥ. ಆ ಸರ್ವೀಸನ್ನು ರೀಸ್ಟಾರ್ಟ್ ಮಾಡುವ ತನಕ ಜಾಗ ವಾಪಸ್ ಬರುವುದಿಲ್ಲ.

ವಿಂಡೋಸ್ ಸರ್ವರ್ ಇದ್ದವರು ಸಿಸ್ಟಮ್ಮಿನ ಭಾಗಗಳೂ ಅವುಗಳ ಹಳೇ ಆವೃತ್ತಿಗಳೂ ಇರುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರಿನ ಗಾತ್ರ ನೋಡಿ ಹೆದರುತ್ತಾರೆ. ಹಾರ್ಡ್ ಲಿಂಕ್‌ಗಳಿಂದಾಗಿ (ಒಂದೇ ಫೈಲಿಗೆ ಹಲವು ಹೆಸರು) ಅಲ್ಲಿ ತೋರಿಸುವುದು ನಿಜವಾಗಿ ಹಿಡಿದ ಜಾಗಕ್ಕಿಂತ ಜಾಸ್ತಿ. ಅದಕ್ಕೂ ಕೈ ಹಾಕಬೇಡಿ, ವಿಂಡೋಸಿನದೇ ಡಿಸ್ಮ್ ಕಮಾಂಡ್‌ನ ಸ್ಟಾರ್ಟ್ ಕಾಂಪೊನೆಂಟ್ ಕ್ಲೀನಪ್ ಓಡಿಸಿ. ಜೊತೆಗೆ ರೀಸೆಟ್ ಬೇಸ್ ಕೊಟ್ಟರೆ ಇನ್ನಷ್ಟು ಜಾಗ ಸಿಗುತ್ತದೆ, ಆದರೆ ಅಲ್ಲಿವರೆಗೆ ಹಾಕಿದ ಅಪ್‌ಡೇಟ್‌ಗಳನ್ನು ಆಮೇಲೆ ತೆಗೆಯಲು ಬರುವುದಿಲ್ಲ. ಹಾಗಾಗಿ ಪ್ಯಾಚ್ ಹಾಕಿ ಒಂದು ತಿಂಗಳು ತಂಟೆ ಇಲ್ಲದೆ ಓಡದ ಹೊರತು ನಾನಂತೂ ಅದನ್ನು ಕೊಡುವುದಿಲ್ಲ.